ಎಡಗಡೆಯಿಂದ ಬಂದ ವಿಮಾನ

ಜನವರಿ 5, ಭಾನುವಾರ

ಎಡ ರೆಕ್ಕೆಗೆ ಮತ್ತೆ ಅಂಟು ಹಾಕಿದೆ. ಗ್ಲೂ ಗನ್ ಬಿಸಿ ಹೆಚ್ಚಾದರೆ ಫೋಮ್ ಕರಗಿ ಗುಳಿ ಬೀಳುತ್ತದೆ. ಕಡಿಮೆಯಾದರೆ ಹಿಡಿಯುವುದಿಲ್ಲ. ಅನ್ನದಲ್ಲಿ ಫೋಮಿನ ಬಿಳಿ ಪುಡಿ ಸಿಕ್ಕಿತೆಂದು ಹೆಂಡತಿ ಶ್ರೀಲತಾ ತಟ್ಟೆಯನ್ನು ನನ್ನ ಮುಂದೆ ತಂದಿಟ್ಟು ಹೋದಳು.

ಮೋಟಾರು, ಬ್ಯಾಟರಿ ಎಲ್ಲ ಸೇರಿದರೂ ಒಂದು ತೆಂಗಿನಕಾಯಿಗಿಂತ ಹಗುರ. ರಿಮೋಟಿನಲ್ಲಿ ಹಾರಿಸುವ ಆಟದ ವಿಮಾನ, ದೂರ ಹೋಗುವಂಥದ್ದಲ್ಲ ಇದು. ಕಣ್ಣೆದುರಿಗೇ ಪಲ್ಟಿ ಹೊಡೆಯಬೇಕು, ತಲೆಕೆಳಗಾಗಿ ಹಾರಬೇಕು, ಮೂಗು ಮೇಲೆತ್ತಿ ಗಾಳಿಯಲ್ಲಿ ನಿಂತಲ್ಲೇ ನಿಲ್ಲಬೇಕು. ಇದನ್ನೆಲ್ಲ ನನಗೆ ಕಲಿಸಿದ್ದು ದೇವಣ್ಣ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್ ದೇವರಾಜು. ಶ್ರೀಲತಾ ಮಿಡಿಗೇಶಿಯ ಸ್ಕೂಲಿಗೆ ಪಾಠ ಮಾಡಲು ಹೋಗುವುದೂ ಅದೇ ಬಸ್ಸಲ್ಲಿ.

ಸಂಜೆ ಅವರದೇ ಫೋನ್. "ಅರುಣ, ಹೊಟ್ಟೆ ಕಡೀಗೆ ಕಿತ್ತಳೆ ಬಣ್ಣ ಬಳಿ. ಮ್ಯಾಲೆ ಕಪ್ಪು ಪಟ್ಟಿ ಹಾಕು, ದಪ್ಪಕ್ಕೆ."

ಬಿಳಿ-ನೀಲಿ ಅಂದುಕೊಂಡಿದ್ದೇನೆ ಎಂದೆ.

"ಬಿಳೀದು ಆಕಾಶ್ದಾಗೆ ಕಾಣಾಕಿಲ್ಲ ಕಣ್ಲಾ. ನಾನೇಳ್ದಂಗೆ ಮಾಡು."

ಹೋದ ವರ್ಷದ ನನ್ನ ವಿಮಾನ ಪೂರ್ತಿ ಬಿಳಿ. ಆಗ ಇವರೇ ಹೊಗಳಿದ್ದರು. ಈಗೇನಾಯಿತು? ಬಣ್ಣವೆಂದರೆ ತೂಕ. ತೂಕ ಹೆಚ್ಚಿದರೆ ಗಾಳಿಯಲ್ಲಿ ನಿಲ್ಲಿಸುವುದು ಕಷ್ಟ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ...

ಬಳಿದೆ. ಯಾಕೆ ಬಳಿದೆನೋ.

ಜನವರಿ 12, ಭಾನುವಾರ

ಬಿತ್ತು.

ಪಾಲಪ್ಪನವರ ಕಡಲೆಕಾಯಿ ಹೊಲ ಕಿತ್ತು ಖಾಲಿ ಬಿದ್ದಿದೆ. ನಾವು ಹಾರಿಸುವುದು ಅಲ್ಲೇ. ಹೊಸ ವಿಮಾನವನ್ನು ಮೊದಲು ದೇವಣ್ಣ ಹಾರಿಸಿ ಹದ ಮಾಡಿಕೊಡುವುದು ವಾಡಿಕೆ. ರಿಮೋಟ್ ಕೊಟ್ಟೆ. ಏರಿತು. ನಮ್ಮೆದುರು ಮೂಗು ಮೇಲೆ ಮಾಡಿ ನಿಂತಿತು, ದಾರಕ್ಕೆ ನೇತು ಹಾಕಿದ ಹಾಗೆ. ಕೈ ಎಂದರೆ ಅವರದು.

ಆಮೇಲೆ ಎಡಕ್ಕೆ ಜಾರಿತು. ಮೆಲ್ಲಗೆ. ಯಾರು ಬೇಕಾದರೂ ಹಿಂದಕ್ಕೆ ತರಬಹುದಿತ್ತು. ದೇವಣ್ಣ ಏನೂ ಮಾಡಲಿಲ್ಲ. ವಿಮಾನ ಎತ್ತಲೋ, ಅವರ ಮುಖ ಎತ್ತಲೋ. ಬೆರಳೂ ಅಲುಗಲಿಲ್ಲ. ಸೀದಾ ಹೋಗಿ ಸೀಮೆಜಾಲಿ ಮುಳ್ಳಿಗೆ ಸಿಕ್ಕಿಕೊಂಡಿತು.

"ಸಿಗ್ನಲ್ ಹೋಯ್ತು," ಅಂದರು.

ಸುಳ್ಳು. ಸಿಗ್ನಲ್ ಹೋದರೆ ರಿಮೋಟ್ ಕೂಗಿಕೊಳ್ಳುತ್ತದೆ. ಕೂಗಲಿಲ್ಲ. ಮುಳ್ಳಿನಿಂದ ಬಿಡಿಸಿ ಅಲ್ಲೇ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು.

ಇಪ್ಪತ್ತಾರಕ್ಕೆ ಶಿರಾದ ಕಾಲೇಜಿನಲ್ಲಿ ಹಾರಿಸಿ ತೋರಿಸಬೇಕು. ಲೆಕ್ಚರರ್ ಶಿವಲಕ್ಷ್ಮಿ ಮೇಡಂ ಕರೆದದ್ದು ಇಬ್ಬರನ್ನೂ. ಹಾರಿಸುವುದು ಒಬ್ಬರು. ನನ್ನ ವಿಮಾನ ಮುರಿದರೆ ಉಳಿಯುವುದು ಅವರದು.

ಬರೆಯಬಾರದಿತ್ತು. ಬರೆದೆ.

ಜನವರಿ 14

ಹಬ್ಬ. ಎಳ್ಳುಬೆಲ್ಲ ಕೊಡುವ ನೆಪದಲ್ಲಿ ದೇವಣ್ಣನ ಮನೆಗೆ ಹೋದೆ. ಅವರ ಹಳೆಯ ವಿಮಾನ ಗೋಡೆಗಿತ್ತು. ಅದಕ್ಕೂ ಹೊಸ ಕಿತ್ತಳೆ ಬಣ್ಣ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಾಗಿಲ ಪಕ್ಕದ ಸ್ಟೂಲಿಗೆ ಎಡವಿ ನೀರಿನ ಚೊಂಬು ಚೆಲ್ಲಿದರು. ತಮ್ಮದೇ ಮನೆಯ ಸ್ಟೂಲು. ಹೆಂಡತಿ ದಾಕ್ಷಾಯಣಮ್ಮನ ಮೇಲೆ ರೇಗಿದರು. "ಇದನ್ಯಾಕ್ ಇಲ್ಲಿಕ್ಕಿದ್ದೀಯ?"

ಆಯಮ್ಮ ನನ್ನ ಮುಖ ನೋಡಲಿಲ್ಲ. ಇಬ್ಬರೂ ಏನೋ ಮುಚ್ಚಿಡುತ್ತಿದ್ದಾರೆ.

ಜನವರಿ 19, ಭಾನುವಾರ

ಸಂಜೆ ಬೇಡವಂತೆ. ನಡು ಮಧ್ಯಾಹ್ನ ಹಾರಿಸೋಣವಂತೆ.

ಸಂಜೆ ಗಾಳಿ ಮಲಗಿರುತ್ತದೆ. ಮಧ್ಯಾಹ್ನ ಬಂಡೆ ಕಾದು ಗಾಳಿ ಎದ್ದು ಫೋಮ್ ವಿಮಾನವನ್ನು ಕಾಗದದಂತೆ ಎಸೆಯುತ್ತದೆ. ಇದನ್ನೂ ಅವರೇ ಕಲಿಸಿದ್ದು. ಮತ್ತೆ ಯಾಕೆ? ನಂದು ಇನ್ನೊಂದು ಸಲ ಬೀಳಲಿ ಎಂದೇ?

ಹೋದೆ. ನನ್ನದನ್ನು ಚೀಲದಿಂದ ತೆಗೆಯಲೇ ಇಲ್ಲ. ಅವರದನ್ನು ಅವರು ಹಾರಿಸಿದರು. ಮುಂದೆ ಒಂದು ಬಾಗಿಲಗಲದ ಜಾಗದಲ್ಲಷ್ಟೇ. ಸುತ್ತು ಹೊಡೆಸಲಿಲ್ಲ. ಮೊದಲೆಲ್ಲ ಹೊಲದ ಮೂಲೆ ಮೂಲೆ ಮುಟ್ಟಿಸುತ್ತಿದ್ದವರು. ಕತ್ತು ಮಾತ್ರ ಒಂದೇ ಸಮ ಅತ್ತಿತ್ತ, ಹುಂಜದ ಹಾಗೆ. ಯಾರಾದರೂ ನೋಡುತ್ತಿದ್ದಾರೋ ಎನ್ನುವವರಂತೆ. ಶಿರಾದಲ್ಲಿ ತೋರಿಸುವ ಪಟ್ಟುಗಳನ್ನು ನನ್ನಿಂದ ಬಚ್ಚಿಡುತ್ತಿರಬಹುದು.

ಹೊರಡುವಾಗ ಪಾಲಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ದೇವರಾಜಂಗೆ ನನ್ ಮ್ಯಾಲೆ ಏನಾರ ಸಿಟ್ಟಾ?"

"ಯಾಕೆ ಪಾಲಣ್ಣ?"

"ಬದೀನಾಗೆ ನಿಂತಿದ್ದೆ ಕಣಪ್ಪ. ನಗ್ದೆ. ಕಲ್ ನೋಡ್ದಂಗೆ ನೋಡ್ಕಂಡು ಹೋದ. ಹೊಲ ಬ್ಯಾಡ ಅಂದ್ರೆ ಹೇಳ್ಬುಡ್ಲಿ."

ಹೊಲ ಕೊಟ್ಟವರನ್ನೂ ಮಾತಾಡಿಸದಷ್ಟು ದೊಡ್ಡವರಾದರೇ?

ಜನವರಿ 21

ಶಿವಲಕ್ಷ್ಮಿ ಮೇಡಂ ಫೋನ್. "ದೇವರಾಜು ಅವರು ಹೇಳಿದ್ರು, ನೀವೇ ಹಾರಿಸ್ತೀರಂತೆ."

ನಾನೇ? ಕೈಗೆ ಬಂದ ರಿಮೋಟನ್ನು ಯಾರಿಗೂ ಬಿಟ್ಟುಕೊಡದ ಮನುಷ್ಯ. ಕೇಳದೆ, ಹೇಳದೆ ನನಗೆ ಬಿಟ್ಟುಕೊಟ್ಟಿದ್ದಾರೆ. ಖುಷಿಯಾಗಬೇಕಿತ್ತು. ನನ್ನ ಅಂಗಡಿಯ ಬಾಗಿಲು ಅರ್ಧ ಎಳೆದು ವಿಮಾನ ಪೂರ್ತಿ ಬಿಚ್ಚಿದೆ. ಪ್ರತಿ ಸ್ಕ್ರೂ, ಪ್ರತಿ ಕಡ್ಡಿ ನೋಡಿದೆ. ಅವರು ಮುಟ್ಟಿದ್ದ ಕಡೆಯೆಲ್ಲ ಎರಡು ಸಲ. ಏನೂ ಸಿಗಲಿಲ್ಲ. ಏನೂ ಸಿಗದಿರುವುದೇ ಇನ್ನಷ್ಟು ಅನುಮಾನ.

ಜನವರಿ 26, ಭಾನುವಾರ — ಸಂಜೆ

ನಿಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಶಿರಾಕ್ಕೆ ಬೈಕಲ್ಲಿ. "ಗಾಡಿ ನೀನೇ ಓಡ್ಸು" ಎಂದು ದೇವಣ್ಣ ಹಿಂದೆ ಕೂತರು, ವಿಮಾನ ಹಿಡಿದುಕೊಂಡು. ಅವರು ಹಿಂದೆ ಕೂತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಧ್ವಜ ಹಾರಿಸಿದ ಮೇಲೆ ನಮ್ಮ ಸರದಿ. ಚೆನ್ನಾಗಿಯೇ ಹಾರಿತು. ತಲೆಕೆಳಗಾಗಿ ಹೋದಾಗ ಮಕ್ಕಳೆಲ್ಲ ಕೂಗಿದರು. ದೇವಣ್ಣ ಗೆರೆಯಾಚೆ ಕುರ್ಚಿಯಲ್ಲಿ, ನೆಟ್ಟಗೆ ಕೂತಿದ್ದರು. ಕೊನೆಗೆ ಇಳಿಸುವಾಗ ಗಾಳಿ ತಳ್ಳಿತು. ವಿಮಾನ ಅವರ ಎಡಗಡೆಯಿಂದ ಬಂತು. ತೀರ ಕೆಳಗೆ. ಹಿಂದಿನ ಸಾಲಿನ ಮಕ್ಕಳು ತಲೆ ಬಗ್ಗಿಸಿದರು. ಶಿವಲಕ್ಷ್ಮಿ ಮೇಡಂ ಕೈ ಅಡ್ಡ ಹಿಡಿದರು. ದೇವಣ್ಣನ ಕಿವಿಯಿಂದ ಒಂದು ಗೇಣು ದೂರದಲ್ಲಿ ಹೋಯಿತು.

ಅವರು ಅಲುಗಲಿಲ್ಲ. ಸದ್ದು ಕೇಳಿದ ಮೇಲೆ ತಲೆ ತಿರುಗಿಸಿದರು, ಅದೂ ಬಲಕ್ಕೆ.

ವಿಮಾನ ಅವರ ಎಡಗಾಲ ಪಕ್ಕದ ಹುಲ್ಲಿನಲ್ಲಿ ಬಿದ್ದಿತ್ತು. ಕಿತ್ತಳೆ ಹೊಟ್ಟೆ ಮೇಲಾಗಿ.

"ಇಳಿಸ್ದಾ?" ಎಂದು ಕೇಳಿದರು.

ಇಳಿಸಿದೆ ಎಂದೆ. ಇಷ್ಟು ದಿನ ಅವರ ಬಗ್ಗೆ ಏನೇನೋ ಎಣಿಸಿದ್ದೆ. ಅದೆಲ್ಲ ಬಿದ್ದುಹೋಯಿತು. ಅದರ ಜಾಗದಲ್ಲಿ ಬಂದದ್ದು ಇನ್ನೂ ಕೆಟ್ಟದ್ದು. ಈ ಮನುಷ್ಯ ನಾಳೆ ಬೆಳಿಗ್ಗೆ ಬಸ್ಸು ಓಡಿಸುತ್ತಾರೆ.

ಮನೆಗೆ ಬಂದವನೇ ಶ್ರೀಲತಾಳನ್ನು ಕೇಳಿದೆ. "ಬಸ್ಸಿಗೆ ಎಲ್ಲಾದರೂ ತಗುಲಿದೆಯಾ?"

"ಎಡಗಡೆ ಕನ್ನಡಿ ಒಡೆದು ತಂತಿ ಸುತ್ತಿದಾರೆ. ಬಾಗಿಲ ಹತ್ರ ಉದ್ದಕ್ಕೆ ಗೀರಿದೆ. ಯಾಕ್ರೀ?"

"ನಾಳೆಯಿಂದ ಆ ಬಸ್ಸು ಬೇಡ."

"ಯಾಕೆ ಅಂತ ಹೇಳಿ."

ಹೇಳಲಿಲ್ಲ. ತಪ್ಪು ತಿಳಿದಿದ್ದರೆ? ಈ ತಿಂಗಳಿಡೀ ತಪ್ಪನ್ನೇ ತಿಳಿಯುತ್ತ ಬಂದಿದ್ದೇನೆ.

ಜನವರಿ 30

ಇವತ್ತು ನಾನೇ ಬಸ್ ಹತ್ತಿದೆ. ಡ್ರೈವರ್ ಹಿಂದಿನ ಸೀಟು. ಬ್ಯಾಟರಿ ತರಲು ಪಾವಗಡಕ್ಕೆ ಎಂದೆ. ದೇವಣ್ಣ ನಕ್ಕರು.

ರಸ್ತೆ ನೆಟ್ಟಗಿದ್ದಾಗ ಒಳ್ಳೆಯ ಡ್ರೈವಿಂಗ್. ಅವರ ಕತ್ತು ಮಾತ್ರ ಅದೇ ಹುಂಜದ ಕತ್ತು. ಕಂಡಕ್ಟರ್ ಸಿದ್ದಗಂಗಯ್ಯ ಟಿಕೆಟ್ ಹರಿಯುವುದನ್ನು ಬಿಟ್ಟು ಮುಂದಿನ ಬಾಗಿಲಲ್ಲೇ ನಿಂತಿದ್ದ. ಮೆಲ್ಲಗೆ, ಮಂತ್ರ ಹೇಳುವ ಹಾಗೆ: "ಎಡಕ್ಕೆ ಬೈಕು... ಎಡಕ್ಕೆ ಕುರಿ... ಹೋಗ್ಲಿ, ಹೋಗ್ಲಿ..."

ಪಾವಗಡದಲ್ಲಿ ಇಳಿದು ಅವನನ್ನು ಟೀ ಅಂಗಡಿ ಹಿಂದಕ್ಕೆ ಕರೆದೆ. ನಾನು ಕೇಳುವ ಮೊದಲೇ ಮುಖ ಇಳಿಬಿಟ್ಟ.

"ದೀಪಾವಳಿಯಿಂದ ನಾನೇ ಅವ್ನ ಎಡಗಣ್ಣು ಕಣಪ್ಪ. ಯಾರ್ಗೂ ಹೇಳ್ಬುಟ್ಟೀಯ."

"ಒಂದು ದಿನ ನೀನು ರಜಾ ಹಾಕಿದರೆ?"

ಅವನು ಗ್ಲಾಸಿನೊಳಗೆ ನೋಡಿದ.

ಫೆಬ್ರವರಿ 2, ಭಾನುವಾರ

ಹೊಲಕ್ಕೆ ಕರೆದೆ. ವಿಮಾನ ಏರಿಸಿದೆ. "ದೇವಣ್ಣ, ಆ ಹುಣಸೆಮರ ನೋಡ್ತಾ ಇರಿ. ವಿಮಾನ ಕಂಡ ತಕ್ಷಣ ಹೇಳಿ" ಎಂದೆ. ಎಡದಿಂದ ತಂದೆ. ಹತ್ತಿರ. ಇನ್ನೂ ಹತ್ತಿರ. ಮರಕ್ಕೇ ತಾಗುವಷ್ಟು ಬಂದಾಗ "ಬಂತು" ಎಂದರು.

ಇಳಿಸಿದೆ.

"ನನ್ಗೇ ಪರೀಕ್ಷೆ ಮಾಡ್ತೀಯೇನ್ಲಾ?"

"ಎಷ್ಟು ದಿನದಿಂದ?"

"ನಾನೇ ಮಾಡ್ಕಂತಿದ್ದೆ. ವಾರವಾರ. ಇಲ್ಲಿ ಇಮಾನ ಕಾಣೋಗಂಟ ಅಲ್ಲಿ ಬಸ್ಸು ಓಡಿಸ್ಬೋದು ಅಂತ."

"ಅವತ್ತು ಬಿತ್ತಲ್ಲ?"

"ಸಿಗ್ನಲ್ ಹೋಯ್ತು ಅಂದ್ಕಂಡೆ." ಮಣ್ಣಿನ ಹೆಂಟೆಯೊಂದನ್ನು ಕಾಲಲ್ಲಿ ಒಡೆದರು. "ಅಂಗಂತ ನಂಬ್ಕಂಡೆ ಕಣ್ಲಾ."

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. "ಅವ್ರು ಬಾಯ್ ಬುಟ್ಟು ಹೇಳುದ್ರೆ ಮುಗೀತು. ಹೇಳ್ದಿದ್ರೆ ಇನ್ನೂ ಐತೆ." ನಾಳೆ ಬಸ್ ಹತ್ತಬೇಡಿ ಎಂದೆ. ಹತ್ತಿದರೆ ಓನರಿಗೆ ಹೇಳುತ್ತೇನೆ ಎಂದೆ.

ಆಗ ಸಿಟ್ಟು ಬಂತು. "ಇಪ್ಪತ್ತೆರಡು ವರ್ಸ. ಒಂದು ನಾಯಿ ಸತ್ತಿಲ್ಲ ನನ್ ಚಕ್ರದಾಗೆ. ರಿಮೋಟು ಕೊಟ್ಟೆ, ಈಗ ಸ್ಟೇರಿಂಗೂ ಕಿತ್ಕಂತೀಯ? ಹೇಳ್ಕೋ ಹೋಗು."

ಹೊರಟುಹೋದರು. ಬದುವಿಗೆ ಎಡವಿದರು. ಹಿಡಿಯಲು ಹೋದವನ ಕೈ ಕೊಡವಿದರು.

ಶ್ರೀಲತಾಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ನನ್ನೊಬ್ಬಳನ್ನ ಇಳಿಸಿಬಿಟ್ರಾ ಅಷ್ಟು ದಿನ?" ಎಂದಳು. ಆರು ದಿನ ಬೇರೆ ಬಸ್ಸಲ್ಲಿ ಹೋದವಳು ಅವಳು. ಅವಳ ಸ್ಕೂಲಿನ ಮಕ್ಕಳು ಅದೇ ಬಸ್ಸಿನಲ್ಲಿದ್ದರು.

ಓನರ್ ಫೋನ್ ಎತ್ತುತ್ತಿಲ್ಲ.

ಫೆಬ್ರವರಿ 3, ಸೋಮವಾರ

ಇಬ್ಬರೂ ಬೇಗ ಬಸ್ ಸ್ಟ್ಯಾಂಡಿಗೆ ಹೋದೆವು. ಬಸ್ಸು ತುಂಬಿತ್ತು. ದೇವಣ್ಣ ಸೀಟಿನಲ್ಲಿ. ಎಂಜಿನ್ ಶುರುವಾಗಿತ್ತು. ನಾನು ಕಿಟಕಿಯ ಹತ್ತಿರ ಹೋಗಿ, "ಇಳೀರಿ ದೇವಣ್ಣ" ಎಂದೆ. ನನ್ನತ್ತ ತಿರುಗಲಿಲ್ಲ.

ಶ್ರೀಲತಾ ಬಸ್ಸಿನ ಮುಂದಕ್ಕೆ ನಡೆದಳು. ಎಡಗಡೆ, ಸ್ವಲ್ಪ ದೂರ ಬಿಟ್ಟು ನಿಂತಳು. ಹೆಗಲಲ್ಲಿ ಬ್ಯಾಗು, ಹಳದಿ ಸೀರೆ. ಯಾವ ಡ್ರೈವರಿಗಾದರೂ ಕಾಣುವ ಜಾಗ.

"ದೇವಣ್ಣ, ನಾನು ಶ್ರೀಲತಾ. ಎಲ್ಲಿದೀನಿ ಹೇಳಿ, ಹತ್ಕೊಂಡು ಬರ್ತೀನಿ."

ಅವರ ಕತ್ತು ಬಲಕ್ಕೆ ಹೋಯಿತು. ಮಧ್ಯಕ್ಕೆ ಬಂತು. ಮತ್ತೆ ಬಲಕ್ಕೆ. ಬಾಗಿಲಲ್ಲಿದ್ದ ಸಿದ್ದಗಂಗಯ್ಯ ಬಾಯಿ ತೆರೆದ, ಅವಳು ಅವನತ್ತ ನೋಡಿದಳು, ಮುಚ್ಚಿದ. ಒಳಗೆ ಯಾರೋ "ಹೊತ್ತಾಯ್ತು, ಬುಡ್ರಣ್ಣ" ಎಂದರು. ದೇವಣ್ಣನ ಕೈ ಗೇರಿನ ಮೇಲಿತ್ತು. ಆ ಕೈಯನ್ನೇ ನೋಡುತ್ತ ನಿಂತೆ.

ಎಂಜಿನ್ ನಿಂತಿತು.

ಇಳಿದರು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು. "ಅಮ್ಮಣ್ಣೀನ ಅಲ್ಲಿಂದ ಕರ್ಕೋ ಅರುಣ. ಬಸ್ಸಿನ ಮುಂದೆ ನಿಲ್ಬಾರ್ದು," ಎಂದರು.

ಫೆಬ್ರವರಿ 6

ತುಮಕೂರು. ಕಣ್ಣಿನ ಆಸ್ಪತ್ರೆ. ಒಂದು ಡಬ್ಬಿಯೊಳಗೆ ಮುಖ ಇಟ್ಟು, ದೀಪ ಕಂಡಾಗಲೆಲ್ಲ ಬಟನ್ ಒತ್ತಬೇಕು. ದೇವಣ್ಣ ಹೊರಬಂದು, "ಮಿಷನ್ನು ಕೆಟ್ಟೈತೆ. ಬಾಳ ಹೊತ್ತು ದೀಪನೇ ಬರ್ಲಿಲ್ಲ" ಎಂದರು. ದಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕಣ್ಣಿನೊಳಗಿನ ಒತ್ತಡ. ನರ ಒಣಗುತ್ತ ಬಂದಿದೆ. ಹೋದದ್ದು ಬರುವುದಿಲ್ಲ. ದಿನಾ ಡ್ರಾಪ್ಸ್ ಹಾಕಿದರೆ ಮಧ್ಯದಲ್ಲಿ ಉಳಿದಿರುವುದನ್ನು ಉಳಿಸಿಕೊಳ್ಳಬಹುದು. ಡ್ರೈವಿಂಗ್ ಇನ್ನಿಲ್ಲ ಎಂದು ಡಾಕ್ಟರ್ ನೇರವಾಗಿಯೇ ಹೇಳಿದರು.

ವಾಪಸ್ ಬರುವಾಗ ಕೊರಟಗೆರೆ ದಾಟಿದೆವು. ಆಮೇಲೆ ದೇವಣ್ಣ, ನನಗಲ್ಲ, ಕಿಟಕಿಗೆ: "ಕತ್ಲೆ ಕಾಣ್ತದೆ ಅಂದ್ಕಂಡಿದ್ದೆ. ಕತ್ಲೇನೂ ಕಾಣಾಕಿಲ್ಲ. ಏನೂ ಇಲ್ದಂಗೈತೆ, ಅಷ್ಟೇ."

ಫೆಬ್ರವರಿ 23, ಭಾನುವಾರ

ದೇವಣ್ಣ ಫೋನ್ ಎತ್ತುವುದಿಲ್ಲ. ಓನರು ಬಸ್ ಸ್ಟ್ಯಾಂಡಿನಲ್ಲಿ ಟೈಮ್ ನೋಡುವ ಕೆಲಸ ಕೊಟ್ಟಿದ್ದಾನೆ. ಶ್ರೀಲತಾ ದಿನಾ ಮಾತಾಡಿಸುತ್ತಾಳೆ. ಹೂಂ ಅನ್ನುತ್ತಾರಂತೆ. ನನ್ನ ಹೆಸರೆತ್ತಿದರೆ ಅದೂ ಇಲ್ಲ.

ಒಬ್ಬನೇ ಹೊಲಕ್ಕೆ ಹೋದೆ. ಹಾರಿಸಲು ಮನಸ್ಸು ಬರಲಿಲ್ಲ.

ಮಾರ್ಚ್ 2, ಭಾನುವಾರ — ಬೆಳಿಗ್ಗೆ, ಅಂಗಡಿ

ದೇವಣ್ಣ ಬಂದರು. ಗೋಣಿಚೀಲ ತಂದು ಕೌಂಟರ್ ಮೇಲೆ ಸುರಿದರು. ಅವರ ಹಳೆಯ ವಿಮಾನ. ಮೋಟಾರು, ರೆಕ್ಕೆಯಂಚು ತಿರುಗಿಸುವ ಸರ್ವೋ ಎಲ್ಲ ಬಿಚ್ಚಿ, ರೆಕ್ಕೆ ಮುರಿದು.

ಎಲ್ಲ ಬಿಟ್ಟೆ, ನೀನೇ ಇಟ್ಟುಕೋ ಎನ್ನಲು ಬಂದಿದ್ದಾರೆ ಎಂದುಕೊಂಡೆ. ಅಥವಾ ಬೈಯಲು. ಎರಡಕ್ಕೂ ತಯಾರಾಗಿ ನಿಂತೆ.

"ಈ ಮೋಟ್ರು ದೊಡ್ಡದಕ್ಕೆ ಸಾಲ್ತದಾ?"

"ಎಂಥ ದೊಡ್ಡದು?"

"ದೊಡ್ಡದು ಕಣ್ಲಾ. ಪಲ್ಟಿ ಗಿಲ್ಟಿ ಹೊಡೀಬಾರ್ದು. ಮೆಲ್ಲಗೆ ಹೋಗ್ಬೇಕು, ನನ್ ಮುಂದೇನೇ."

ಆಗುತ್ತೆ, ಬೇರೆ ಪ್ರೊಪೆಲ್ಲರ್ ಹಾಕಬೇಕು ಎಂದೆ. ರೆಕ್ಕೆ ಎಷ್ಟು ಅಗಲ ಬೇಕು ಎಂದೆ.

ಅವರು ಅಂಗಡಿಯ ನಡುವೆ ನಿಂತು ಎರಡು ಕೈಯನ್ನೂ ಪೂರ್ತಿ ಚಾಚಿದರು. ಮುಖ ನೇರ ನನ್ನ ಕಡೆ. ಆ ಎರಡು ಬೆರಳ ತುದಿಗಳೂ ಅವರಿಗೆ ಕಾಣುತ್ತಿರಲಿಲ್ಲ.

"ಇಷ್ಟು," ಎಂದರು.

ಗೋಡೆಗೆ ಪೆನ್ಸಿಲಲ್ಲಿ ಗುರುತು ಮಾಡಿಕೊಂಡೆ. ಒಂದೇ ಫೋಮ್ ಶೀಟ್ ಸಾಲುವುದಿಲ್ಲ, ಎರಡು ಸೇರಿಸಬೇಕು. ನಡುವೆ ಕಾರ್ಬನ್ ಕಡ್ಡಿ ಕೂಡ. ಕರೆಯುತ್ತಿದ್ದಾರೆ, ಬ್ಲೇಡ್ ಎಲ್ಲಿಟ್ಟೆ ಎಂದು. ಬಣ್ಣ ಯಾವುದು ಅಂತ ಇನ್ನೂ ಕೇ—