ಬೆರಗಿನ ಪಾಠಕ್ಕೆ ಹೋದ ಮಕ್ಕಳು

ತುಮಕೂರು,
೨೨೧೯ನೇ ಇಸವಿ, ಮರುಬೇಸಿಗೆ ತಿಂಗಳ ಮೂವತ್ತನಾಲ್ಕನೇ ದಿನ.

ಮಕ್ಕಳನ್ನು ಕರೆದುಕೊಂಡು ಯುರೋಪಿನ ಯಾವುದಾದರೊಂದು ಊರಿಗೆ ನಾಲ್ಕು ದಿನ ಹೋಗಿಬರೋಣವೆಂದು ಪಟ್ಟಿ ಬರೆಯುತ್ತ ಕುಳಿತಿರುವ, ನನಗೆ ಹೆಸರು ತಿಳಿಯದ ಹಿರಿಯರಿಗೆ,

ತಿಮ್ಮಾಜಿ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆಯು ಹನ್ನೆರಡು ತಿಂಗಳೊಳಗೆ ಹಿಡಿಸದೆ ಹೋದಾಗ ನಮ್ಮವರು ಇನ್ನೊಂದು ತಿಂಗಳು ಸೇರಿಸಿ ಅದಕ್ಕೆ ಮರುಬೇಸಿಗೆ ಎಂದು ಹೆಸರಿಟ್ಟರು. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅನುಮತಿಯಿದೆ. ನನ್ನ ಪಾಲಿನದನ್ನು ನಿಮಗೆ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕಟುವಾಗಿ ಕೇಳಿಸಿದರೆ ಅದಕ್ಕೆ ಕ್ಷಮೆ ಕೇಳುವುದಿಲ್ಲ. ನನಗೆ ಹೇಸಿಗೆಯಾಗಿದೆ, ಹೆಚ್ಚಾಗಿ ನನ್ನ ಮೇಲೆಯೇ. ಒಂದು ಪ್ರವಾಸಕ್ಕಾಗಿ ನಾನು ನನ್ನ ಮಗಳ ಮುಖವನ್ನು ಕಳೆದುಕೊಂಡೆ. ಅದು ಹೇಗೆಂದು ಹೇಳುವುದಕ್ಕೇ ಈ ಕಾಗದ.

ನಿಮ್ಮ ಕಾಲದವರು ಆ ಚಂದದ ಊರುಗಳಿಗೆ ಹೇಗೆ ಮುಗಿಬಿದ್ದರು ಎಂಬುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಬಂದವರಲ್ಲಿ ಅರ್ಧ ಜನ ಏನನ್ನೂ ನೋಡದೆ ವಾಪಸ್ಸು ಹೋಗುತ್ತಿದ್ದರಂತೆ. ರೋಸಿಹೋದ ಅಲ್ಲಿನವರು ಕೊನೆಗೊಂದು ನಿಯಮ ಮಾಡಿಕೊಂಡರು: ನೋಡಿ ಸಂತೋಷಪಡುವವರು ಮಾತ್ರ ಬರಲಿ. ಕೇಳಿದರೆ ನ್ಯಾಯವಾಗಿಯೇ ಇದೆ. ಊರಿಗೆ ಬಂದ ಪ್ರತಿ ಮಗುವಿನ ಮಣಿಕಟ್ಟಿಗೆ ಅವರು ಬೆರಗುಪಟ್ಟಿ ಕಟ್ಟುತ್ತಾರೆ. ಮಗು ಉಸಿರು ಬಿಗಿಹಿಡಿದು ಕಣ್ಣರಳಿಸಿದರೆ ಆ ಪಟ್ಟಿ ಹಸಿರಾಗುತ್ತದೆ. ದಿನಕ್ಕೆ ಒಂದು ಜಾಗ ಗೊತ್ತುಮಾಡಿರುತ್ತಾರೆ. ಅಲ್ಲಿ ಪ್ರತಿ ಮಗುವಿನ ಪಟ್ಟಿಯೂ ಒಮ್ಮೆ ಹಸಿರಾಗಲೇಬೇಕು. ಆಗದಿದ್ದರೆ ಇಡೀ ಸಂಸಾರ ಅಂದೇ ಗಂಟುಮೂಟೆ ಕಟ್ಟಬೇಕು, ಮತ್ತೆ ಹತ್ತು ವರ್ಷ ಆ ಕಡೆ ತಲೆ ಹಾಕುವಂತಿಲ್ಲ.

ನಮ್ಮವರು ಇದಕ್ಕೆ ಏನು ಮಾಡಿದರು ಗೊತ್ತೇ? ಟ್ಯೂಷನ್ ಶುರು ಮಾಡಿದರು.

ನಾವು ವಿಯೆನ್ನಾಕ್ಕೆ ಹೋಗುವುದೆಂದು ನಿಶ್ಚಯವಾದ ಮರುವಾರವೇ ನಾನು ಮಕ್ಕಳಿಬ್ಬರನ್ನೂ ಹೊರಪೇಟೆಯ ಅಂಬುಜಾಕ್ಷಿ ಮಿಸ್ ಹತ್ತಿರ ಬೆರಗಿನ ಪಾಠಕ್ಕೆ ಸೇರಿಸಿದೆ. ಮಗಳು ಚೆನ್ನಾಜಿಗೆ ಆಗ ಒಂಬತ್ತು, ಮಗ ಬೊಮ್ಮಣ್ಣನಿಗೆ ಐದು. ಮಹಡಿಯ ಮೇಲೆ ನಲವತ್ತು ಮಕ್ಕಳು ಸಾಲಾಗಿ ಕೂರುತ್ತಿದ್ದರು. ಗೋಡೆಯ ಮೇಲೆ ಅರಮನೆಯ ಚಿತ್ರ ಮೂಡುತ್ತಿತ್ತು. ಮಿಸ್ ಮೇಜು ತಟ್ಟಿದ ಕೂಡಲೇ ಹುಬ್ಬು ಮೇಲೇರಬೇಕು, ಉಸಿರು ಒಳಗೆ ನಿಲ್ಲಬೇಕು, ಬಾಯಿ ಎರಡು ಬೆರಳಿನಷ್ಟು ತೆರೆಯಬೇಕು. ಮೂರು ಬೆರಳಾದರೆ ನಾಟಕವೆನಿಸುತ್ತದೆಯಂತೆ. ಮನೆಗೆಲಸಕ್ಕೆಂದು ದಿನಾ ಕನ್ನಡಿಯೆದುರು ಹತ್ತು ಸಲ ಅಬ್ಬಾ ಎನ್ನಬೇಕಿತ್ತು. ಶನಿವಾರ ಪರೀಕ್ಷೆ. ಚೆನ್ನಾಜಿ ಮೊದಲನೇ ರ್‍ಯಾಂಕ್ ಬಂದಾಗ ನಾನು ಕೇರಿಗೆಲ್ಲ ಪೇಡ ಹಂಚಿದೆ. ಬೊಮ್ಮಣ್ಣ ಮಾತ್ರ ಮಿಸ್ ಮುಖ ನೋಡಿ ನಗುತ್ತಿದ್ದ. ಅವನು ಅಲ್ಲಿ ಕಲಿತದ್ದು ಏನೂ ಇಲ್ಲ. ನಾನು ಚಪಾತಿ ಒಣಗಿಸುತ್ತ, ಚಟ್ನಿಪುಡಿ ಕಟ್ಟುತ್ತ, ಅವನದೇ ಚಿಂತೆಯಲ್ಲಿ ಒಣಗಿಹೋದೆ.

ಮೊದಲ ದಿನ ಅರಮನೆ. ಚೆನ್ನಾಜಿ ಬಾಗಿಲಲ್ಲೇ ಪಟ್ಟಿಯನ್ನು ಹಸಿರು ಮಾಡಿಕೊಂಡಳು. ಬೊಮ್ಮಣ್ಣ ಕಂಬಗಳನ್ನೂ ನೋಡಲಿಲ್ಲ, ಚಿನ್ನವನ್ನೂ ನೋಡಲಿಲ್ಲ. ಆದರೆ ಅದೇ ಹೊತ್ತಿಗೆ ಅರಮನೆಯ ಅಂಗಳದಲ್ಲೇ ಸಾರೋಟಿನ ಕುದುರೆಯೊಂದು ಧಾರೆಯಾಗಿ ಉಚ್ಚೆ ಹೊಯ್ಯಿತು, ಅವನ ಕಣ್ಣು ಬಟ್ಟಲಾಯಿತು, ಪಟ್ಟಿ ಹಸಿರಾಯಿತು. ನಾವು ಬಚಾವಾದೆವು. ಎರಡನೇ ದಿನ ದೊಡ್ಡ ತಿರುಗುಚಕ್ರ. ಅದರಲ್ಲಿ ಕೂತ ಮೇಲೆ ಯಾರಿಗಾದರೂ ಉಸಿರು ನಿಲ್ಲುತ್ತದೆ.

ಮೂರನೆಯ, ಕೊನೆಯ ದಿನ ದೊಡ್ಡ ಇಗರ್ಜಿ, ಅಂದರೆ ಚರ್ಚು. ಅಲ್ಲಿಗೆ ಹೋಗುವ ದಾರಿಯ ಓಣಿಯಲ್ಲಿ ಒಬ್ಬಾತ ನೆಲಕ್ಕೆ ಕೂತು ರಸ್ತೆಗೆ ಕಲ್ಲು ಹಾಸುತ್ತಿದ್ದ. ಒಂದು ಕಲ್ಲಿಡುವುದು, ಮರದ ಸುತ್ತಿಗೆಯಿಂದ ತಟ್ಟುವುದು, ತಲೆ ಬಾಗಿಸಿ ನೋಡುವುದು, ಮತ್ತೆ ತಟ್ಟುವುದು. ಬೊಮ್ಮಣ್ಣ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಪಟ್ಟಿ ಹಸಿರಾಯಿತು, ಹಾಗೇ ಉಳಿಯಿತು. ಆತ ಒಂದು ಕಲ್ಲನ್ನು ಮಗುವಿನ ಕೈಗೆ ಕೊಟ್ಟು ಇಡು ಎಂದು ಸನ್ನೆ ಮಾಡಿದ. ಆದರೆ ಆ ಓಣಿ ಗೊತ್ತುಮಾಡಿದ ಜಾಗವಲ್ಲ, ಅಲ್ಲಿನ ಹಸಿರು ಲೆಕ್ಕಕ್ಕಿಲ್ಲ. ನಾನು ಮಗನ ಕೈಯಿಂದ ಕಲ್ಲು ಕಿತ್ತಿಟ್ಟು ಅವನನ್ನು ದರದರನೆ ಎಳೆದುಕೊಂಡು ಹೋದೆ.

ಇಗರ್ಜಿಯ ಬಣ್ಣದ ಹೆಂಚಿನ ಮಾಡಿನ ಕೆಳಗೆ ಅವನು ಮುಖ ಊದಿಸಿಕೊಂಡು ನಿಂತ. ನಮ್ಮ ಸರದಿ ಮುಗಿಯುತ್ತ ಬಂದಿತ್ತು. ನನ್ನ ಗಂಡ ಕಿವಿಯ ಹತ್ತಿರ ಬಂದು, "ಏನಾದ್ರೂ ಮಾಡೇ, ಮಾನ ಹೋಗುತ್ತೆ" ಎಂದರು. ನಾನು ಅಂಗಿಯ ತೋಳಿನೊಳಗೆ ಕೈ ತೂರಿಸಿ ಮಗುವನ್ನು ಚಿವುಟಿದೆ. ಉಗುರು ಇಳಿಯುವಂತೆ ಚಿವುಟಿದೆ. ಅವನ ಉಸಿರು ಸಿಕ್ಕಿಕೊಂಡಿತು, ಕಣ್ಣು ಅಗಲವಾಯಿತು, ಪಟ್ಟಿ ಹಸಿರಾಯಿತು. ಆ ಯಂತ್ರಕ್ಕೆ ನೋವಿಗೂ ಬೆರಗಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕಾವಲಿನ ಹೆಂಗಸು ಚಪ್ಪಾಳೆ ತಟ್ಟಿದಳು. ತಿರುಗಿ ನೋಡಿದರೆ ಸಾಲಿನುದ್ದಕ್ಕೂ ನಮ್ಮಂಥವರೇ, ಒಬ್ಬೊಬ್ಬರ ಕೈಯೂ ಒಂದೊಂದು ಮಗುವಿನ ತೋಳಿನೊಳಗಿತ್ತು. ಆಗ ನನಗೆ ಅಸಹ್ಯವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆಗ ಆದದ್ದು ನೆಮ್ಮದಿ. ಥೂ, ಅದನ್ನು ನೆನೆದರೆ ಇಂದಿಗೂ ಅನ್ನ ಒಳಗಿಳಿಯುವುದಿಲ್ಲ.

ಮಧ್ಯಾಹ್ನ ಉದ್ಯಾನದ ಬೆಂಚಿನ ಮೇಲೆ ಕೂತು ಅವನ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಚೆನ್ನಾಜಿ ಹತ್ತಿರ ಬಂದು ನಿಂತಳು.

"ಅವನ್ನ ಚಿವುಟ್ಬೇಡಮ್ಮ. ನಾನೇ ಹೇಳ್ಕೊಡ್ತೀನಿ, ಕಲ್ತ್ಕೊಂತಾನೆ."

"ಬೇಡ ಕಣೇ. ಇನ್ಮೇಲೆ ಯಾರೂ ಮುಖ ಮಾಡೋದು ಬೇಡ. ನಿಂಗೆ ಹೆಂಗನ್ಸುತ್ತೋ ಹಂಗಿರು" ಎಂದೆ.

"ಹಂಗಂದ್ರೆ ಯಾವ ಮುಖಮ್ಮಾ?"

ತಮಾಷೆಗೆ ಕೇಳಿದ್ದಲ್ಲ. ಮಿಸ್ ಎದುರು ಕಾಯುವಂತೆ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಎಣ್ಣೆ ಹಚ್ಚುತ್ತಲೇ ಇದ್ದೆ.

ಊರಿಗೆ ಬಂದವಳೇ ಪಾಠ ಬಿಡಿಸಿದೆ. ಬೊಮ್ಮಣ್ಣ ನನ್ನ ಮೇಲೆ ಹದಿನೈದು ದಿನ ಸಿಟ್ಟಾಗಿದ್ದು, ಆಮೇಲೆ ಬಂದು ಮಡಿಲಲ್ಲಿ ಕೂತ. ಅವನ ಸಿಟ್ಟು ನನಗೆ ಎಷ್ಟು ಹಿತವಾಗಿತ್ತೆಂದರೆ ಅದು ಮುಗಿಯದಿರಲಿ ಎನಿಸಿತ್ತು. ಚೆನ್ನಾಜಿ ಸಿಟ್ಟಾಗುವುದಿಲ್ಲ. ಅವಳ ಸೋದರತ್ತೆ ಹುಟ್ಟುಹಬ್ಬಕ್ಕೆ ಲಂಗದ ಬಟ್ಟೆ ತಂದರೆ ಹುಬ್ಬು ಏರುತ್ತದೆ, ಬಾಯಿ ಎರಡು ಬೆರಳು ತೆರೆಯುತ್ತದೆ. ನಾನು ಸಾರಿಗೆ ಉಪ್ಪು ಮರೆತ ದಿನವೂ ಮೊದಲ ತುತ್ತಿಗೇ ಅದೇ ಮುಖ. ಬಂದವರೆಲ್ಲ ಎಂಥ ಖುಷಿಯ ಮಗು ಎನ್ನುತ್ತಾರೆ. ಅವಳಿಗೆ ನಿಜವಾಗಿ ಏನಿಷ್ಟ ಎಂದು ಹೆತ್ತ ನನಗೆ ತಿಳಿಯದು.

ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ನಿಮ್ಮ ಕಾಲದ ಮನೆಮಂದಿಯ ಚಿತ್ರಗಳನ್ನು ನಾನು ನೋಡಿದ್ದೇನೆ. ಅರಮನೆಯೆದುರು, ಸೇತುವೆಯ ಮೇಲೆ, ಎಲ್ಲ ಕಡೆ ಬಿಸಿಲಿಗೆ ಬೆಂದ ಮಕ್ಕಳು, ನಗು ನಗು ಎಂದು ಗದರುವ ಅಪ್ಪ ಅಮ್ಮಂದಿರು. ಎಷ್ಟು ದೂರದಿಂದ ಕರಕೊಂಡು ಬಂದಿದ್ದೇವೆ, ಸಂತೋಷಪಡಬಾರದೇ ಎಂದು ಬೈಯುವವರು. ಅದನ್ನೇ ನಾವು ಪಾಠ ಮಾಡಿಕೊಂಡೆವು, ಅಷ್ಟೇ.

ಹೋಗಬೇಡಿ ಎನ್ನುವುದಿಲ್ಲ. ಹೋಗಿ, ಮಕ್ಕಳನ್ನು ಕರೆದುಕೊಂಡೇ ಹೋಗಿ. ನೀವು ಬರೆಯುತ್ತಿರುವ ಪಟ್ಟಿಯಲ್ಲಿ ಒಂದು ದಿನ ಖಾಲಿ ಬಿಡಿ. ಮಗು ಓಣಿಯಲ್ಲಿ ಕೂತರೆ ನೀವೂ ಕೂರಿ. ಅಷ್ಟು ದೊಡ್ಡ ಅರಮನೆಯೆದುರು ನಿಂತು ಮಗಳು ಬಾಯಿ ತೆರೆದು ಆಕಳಿಸಿದರೆ ದಯವಿಟ್ಟು ಬೈಯಬೇಡಿ. ನನ್ನ ಮಗಳು ನನ್ನೆದುರು ಆಕಳಿಸಿ ಎರಡು ವರ್ಷವಾಯಿತು.

ತಿಮ್ಮಾಜಿ