ಮೂರು ಗಂಟೆಯ ಪೂಜೆ

ನನ್ನ ಉಪದೇಶಿ ಅಪ್ಪನಿಗೆ,

ನೀನು ಹೋದಮೇಲೆ ನಿನ್ನ ಮೇಲೆ ಇಷ್ಟು ಸಿಟ್ಟು ಬಂದದ್ದು ಇದೇ ಮೊದಲು. ಬದುಕಿದ್ದಾಗ ಹೀಗೆ ಮಾತಾಡಿದ್ದರೆ, ‘ಬಾಯಿ ಭಾಳ ಆತು ನಿಂದು’ ಅಂತ ಎದ್ದು ಹೊರಗೆ ಹೋಗುತ್ತಿದ್ದೆ ನೀನು. ಈಗ ಎದ್ದು ಹೋಗಲು ಬರುವುದಿಲ್ಲ. ಪೂರ್ತಿ ಕೇಳು.

ಆ ಮೂರು ಗಂಟೆ ನೆನಪಿದೆಯಲ್ಲ? ಭಾನುವಾರ ಬೆಳಗಿನ ಮರಾಠಿ ಪೂಜೆ, ಇಂಗ್ಲಿಷ್ ಪೂಜೆ ಎಲ್ಲ ಮುಗಿದು, ಚರ್ಚಿನ ಫ್ಯಾನು ಆರಿಸಿದಮೇಲೆ ಮಧ್ಯಾಹ್ನದ ಸೆಕೆಯಲ್ಲಿ ನಮ್ಮ ಕನ್ನಡ ಪೂಜೆ. ಮುದಗಲ್ ಕಡೆಯಿಂದ ಪುಣೆಗೆ ಗಾರೆ ಕೆಲಸಕ್ಕೆ ಬಂದ ಮೂವತ್ತು ಮನೆಯವರು ನಾವು. ಕನ್ನಡ ಬಲ್ಲ ಗುರುಗಳೊಬ್ಬರು ಬೇರೆ ಊರಿನಿಂದ ಬಂದು ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದರು, ನೀನು ಹೋಗಿ ಕರೆತರುತ್ತಿದ್ದೆ. ವಾರವೆಲ್ಲ ಗೌಂಡಿ, ಭಾನುವಾರ ಜಪ ಹೇಳಿಸುವ, ಮಕ್ಕಳಿಗೆ ಧರ್ಮಪಾಠ ಕಲಿಸುವ ಉಪದೇಶಿ. ಚರ್ಚಿನ ಗಂಟೆಗೋಪುರದ ಕಲ್ಲು ಹೊತ್ತವರು ನಮ್ಮವರೇ, ಪೂಜೆ ಮುಗಿಸಿ ಅಲ್ಲೇ ಗೋಡೆಯ ಮರೆಯಲ್ಲಿ ಬಟ್ಟೆ ಬದಲಿಸಿ ಕೆಲಸಕ್ಕೆ ನಿಲ್ಲುತ್ತಿದ್ದರು. ಅಷ್ಟಾದರೂ ಪೂಜೆಯಲ್ಲಿ ಓದುವ ನಮ್ಮ ಕನ್ನಡ ವಾಚನದ ಪುಸ್ತಕಕ್ಕೆ ಅಲ್ಲಿನ ಕಪಾಟಿನಲ್ಲಿ ಜಾಗ ಸಿಗಲಿಲ್ಲ. ನೀನು ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ನಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ.

ಪೂಜೆ ನಿಂತ ಭಾನುವಾರ ನೀನು ಚರ್ಚಿನ ಅಂಗಳದಲ್ಲಿ ಎಲ್ಲರನ್ನೂ ಕರೆದು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ‘ಫಾದರ್ ಬ್ಯಾಡಂದ್ರು. ಇನ್ನ ಮ್ಯಾಲೆ ಎಲ್ಲಾರೂ ಮುಂಜಾನಿ ಮರಾಠಿ ಪೂಜೆಗೇ ಬರ್ಬೇಕಂತ. ನಾ ಏನ್ ಮಾಡ್ಲಿ?’ ನಿನ್ನ ಕಣ್ಣಲ್ಲಿ ನೀರೂ ಇತ್ತು. ಆ ದಿನದಿಂದ ಚರ್ಚಿನ ಮುಖ್ಯ ಗುರು ಫಾದರ್ ಇಗ್ನೇಷಿಯಸ್ ನಮ್ಮವರಿಗೆಲ್ಲ ಆಗದವರಾದರು. ಕೆಲವು ಮನೆಯವರು ಚರ್ಚಿಗೆ ಬರುವುದನ್ನೇ ಬಿಟ್ಟರು. ಹದಿನಾಲ್ಕು ವರ್ಷದ ನಾನು ಅವರು ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದೆ. ನೀನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಒಂದು ಸಲವಾದರೂ ‘ಹಂಗ ಮಾಡಬ್ಯಾಡ ಮಗಳ’ ಅಂದೆಯಾ?

ಅವ್ವನ ಮಾತು ನೆನಪಿದೆಯಾ, ಈಸ್ಟರಿನ ಮುಂಚಿನ ತಪಸ್ಸುಕಾಲ ಬಂದಾಗಲೆಲ್ಲ ಅನ್ನುತ್ತಿದ್ದದ್ದು? ಎಲ್ಲರೂ ಗುರುಗಳ ಹತ್ತಿರ ಪಾಪನಿವೇದನೆಗೆ ಸಾಲು ನಿಂತರೆ ಅವಳು ಬೆಂಚು ಬಿಟ್ಟು ಏಳುತ್ತಿರಲಿಲ್ಲ. ‘ಮರಾಠಿಯೊಳಗ ಕಾಯಿಪಲ್ಯ ತಗೊಳ್ಳಾಕ ಬರ್ತದ, ಪಾಪ ಹೇಳಾಕ ಹ್ಯಾಂಗ ಬರ್ತದ?’ ಪಾಪ ಹೇಳದೆ ಪ್ರಸಾದ ಸ್ವೀಕರಿಸಬಾರದೆಂದು ಅದನ್ನೂ ಬಿಟ್ಟಳು. ಎಲ್ಲರೂ ಪೀಠದ ಮುಂದೆ ಹೋಗುವಾಗ ಇವಳೊಬ್ಬಳು ಸೆರಗು ಎಳೆದುಕೊಂಡು ಕೂತಿರುವಳು. ಹಾಗೇ ಸತ್ತಳು. ಆ ಪಾಪ ಫಾದರ್ ಇಗ್ನೇಷಿಯಸ್ ತಲೆಗೆ ಅಂತ ನಾನು ಅವಳ ಮಣ್ಣಿನ ದಿನ ನಿನ್ನ ಹೆಗಲ ಮೇಲೆ ಬಿದ್ದು ಅತ್ತೆ. ನೀನು ನನ್ನ ಬೆನ್ನು ಸವರಿದೆ.

ಮೊನ್ನೆ ಹೊಸ ಫಾದರ್ ನನ್ನನ್ನು ಕರೆಸಿದರು. ಚರ್ಚಿನ ಇತಿಹಾಸದ ಪುಸ್ತಕ ಬರುತ್ತಿದೆ, ನಮ್ಮ ಕನ್ನಡದವರ ಬಗ್ಗೆ ಎರಡು ಪುಟ ನಾನು ಬರೆಯಬೇಕಂತೆ. ಎಷ್ಟು ಖುಷಿಯಾಯಿತು ಗೊತ್ತಾ? ಶಿವಾಜಿನಗರದ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಹೋಗಿ ಚರ್ಚಿನ ಹಳೆಯ ಫೈಲು ತೆಗೆದು ಕೂತೆ. ಅದರೊಳಗೆ ಫಾದರ್ ಇಗ್ನೇಷಿಯಸ್ ಅವರಿಗೆ ಮರಾಠಿಯಲ್ಲಿ ಬರೆದ ಒಂದು ಅರ್ಜಿ. ಮರಾಠಿ ಬರೆದರೂ ಕನ್ನಡದ ಹಾಗೆ ದುಂಡಗೆ ಬರೆಯುವ ಕೈ ನಿನ್ನದೊಂದೇ. ‘ಮೂರು ಗಂಟೆಯ ಪೂಜೆ ಇರುವ ತನಕ ಬೆಳಗಿನವರು ನಮ್ಮ ಮಕ್ಕಳನ್ನೂ ಗೌಂಡಿಗಳೆಂದೇ ನೋಡುತ್ತಾರೆ. ಅದನ್ನು ನಿಲ್ಲಿಸಿರಿ. ನನ್ನ ಮಗಳ ದನಿ ಒಳ್ಳೆಯದಿದೆ, ಬೆಳಗಿನ ಗಾಯನ ಮಂಡಳಿಗೆ ಸೇರಿಸಿಕೊಳ್ಳಿರಿ. ನಾನು ಕೇಳಿದೆನೆಂದು ನಮ್ಮ ಜನಕ್ಕೆ ಹೇಳಬೇಡಿರಿ.’ ಕೆಳಗೆ ನಿನ್ನ ಸಹಿ.

ನಾನು ಕೇಳಿದ್ದೆನಾ ಅಪ್ಪಾ? ಹೌದು, ಮಂಡಳಿಯಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡುವಾಗ ನನಗೆ ನೆಲ ಕಾಣುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದು ನನ್ನ ದನಿಗೆ ಸಿಕ್ಕ ಜಾಗ ಅಂದುಕೊಂಡಿದ್ದೆ. ಮೂವತ್ತು ಮನೆಯವರ ಬಾಯಿ ಮುಚ್ಚಿಸಿ ನನ್ನ ಬಾಯಿ ತೆರೆಸಿದ್ದೀ ಅಂತ ಗೊತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಅವ್ವನಿಗೆ ನಾನು ಹಾಡಿದ್ದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಮನೆಗೆ ಬಂದು ‘ಚಂದ ಹಾಡಿದಿ’ ಅನ್ನುತ್ತಿದ್ದಳು. ನಮ್ಮನ್ನು ಜನ ಕೀಳಾಗಿ ನೋಡುವುದು ನಿನಗೆ ಸಂಕಟವಾಗಿರಬೇಕು, ಅಷ್ಟು ನನಗೂ ತಿಳಿಯುತ್ತದೆ. ಅದನ್ನು ಅಂಗಳದಲ್ಲಿ ನಿಂತು ನಮ್ಮವರ ಮುಂದೆ ಹೇಳಬಹುದಿತ್ತಲ್ಲ? ಜಗಳವಾಗುತ್ತಿತ್ತು, ಆಗಲಿ. ಇನ್ನೊಬ್ಬರ ಮೇಲೆ ಹಾಕಿ ಅತ್ತೆಯಲ್ಲ, ಅದನ್ನು ನಾನು ಎಲ್ಲಿಡಲಿ?

ಫಾದರ್ ಇಗ್ನೇಷಿಯಸ್ ಇನ್ನೂ ಇದ್ದಾರೆ. ಇಂದಾಪುರದ ಆಚೆ, ವಯಸ್ಸಾದ ಗುರುಗಳಿರುವ ಮನೆಯಲ್ಲಿ. ಶನಿವಾರ ಎಸ್‌ಟಿ ಬಸ್ಸು ಹಿಡಿದು ಹೋದೆ. ಗುರುತು ಹಿಡಿದು, ‘ಮುಖ ತಿರುಗಿಸುವ ಹುಡುಗಿ ಅಲ್ಲವಾ ನೀನು’ ಅಂತ ಮರಾಠಿಯಲ್ಲಿ ಅಂದು ನಕ್ಕರು. ಯಾಕೆ ಸುಮ್ಮನಿದ್ದಿರಿ ಅಂದೆ. ‘ಉಪದೇಶಿಗೆ ಮಾತು ಕೊಟ್ಟಿದ್ದೆ. ನಿನ್ನಪ್ಪ ಒಬ್ಬರನ್ನೇ ಬೈಯಬೇಡ, ನನಗೂ ಒಂದು ಕೆಲಸ ಕಡಿಮೆಯಾಯಿತು ಅನ್ನಿಸಿತ್ತು’ ಅಂದರು. ಆಮೇಲೆ ಅವ್ವನ ಸುದ್ದಿ ಬಂತು. ಅವಳು ಹಾಸಿಗೆ ಹಿಡಿಯುವ ಮೊದಲು ಒಬ್ಬಳೇ ಅವರ ಹತ್ತಿರ ಹೋಗಿದ್ದಳಂತೆ. ಮೊಣಕಾಲೂರಿ, ಕನ್ನಡದಲ್ಲೇ, ಬಹಳ ಹೊತ್ತು ಹೇಳಿದಳಂತೆ. ‘ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಕೇಳಬೇಕಾದವನಿಗೆ ತಿಳಿಯುತ್ತದೆ ಅಂತ ಕ್ಷಮೆಯ ಪ್ರಾರ್ಥನೆ ಹೇಳಿ ಕಳಿಸಿದೆ’ ಅಂದರು.

ನಿನಗೆ ಇದು ಗೊತ್ತಿರಲಿಲ್ಲ, ಅಲ್ಲವಾ? ನಾವು ಇಷ್ಟು ವರ್ಷ ಬೈದುಕೊಂಡ ಮನುಷ್ಯನ ಮುಂದೆಯೇ ಅವ್ವ ಹಗುರಾಗಿ ಬಂದಿದ್ದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನಗೆ ಹೇಳದಿದ್ದರೆ ಹೋಗಲಿ, ನಿನಗೆ ಯಾಕೆ ಹೇಳಲಿಲ್ಲ? ಅವಳಿಗೆ ಆ ಅರ್ಜಿಯ ವಿಷಯ ಮೊದಲೇ…

ಎರಡು ಪುಟ ಬರೆದು ಕೊಟ್ಟೆ. ಗೋಪುರದ ಕಲ್ಲು ಹೊತ್ತದ್ದೂ ಇದೆ, ಟ್ರಂಕಿನ ಪುಸ್ತಕವೂ ಇದೆ. ಕನ್ನಡ ಪೂಜೆ ನಿಲ್ಲಿಸಿದವರು ಯಾರು ಅಂತಲೂ ಇದೆ, ನಿನ್ನ ಪೂರ್ತಿ ಹೆಸರಿನೊಂದಿಗೆ. ನಮ್ಮವರು ಓದಿ ನನಗೇ ಬೈಯುತ್ತಾರೆ, ಬೈಯಲಿ.

ಸತ್ತವರ ಹಬ್ಬ ಹತ್ತಿರ ಬಂತು. ಪ್ರತಿ ವರ್ಷ ನಿಮ್ಮಿಬ್ಬರ ಹೆಸರನ್ನು ಮರಾಠಿಯಲ್ಲಿ ಚೀಟಿ ಬರೆದು ಡಬ್ಬಿಗೆ ಹಾಕುತ್ತಿದ್ದೆ, ಫಾದರ್ ಪೀಠದ ಮೇಲಿಂದ ಓದುತ್ತಿದ್ದರು. ಈ ಸಲವೂ ಎರಡೂ ಚೀಟಿ ಹಾಕುತ್ತೇನೆ, ಹೆದರಬೇಡ. ಅವ್ವನದು ಮರಾಠಿಯಲ್ಲಿ. ನಿನ್ನದನ್ನು ಕನ್ನಡದಲ್ಲಿ ಬರೆದಿದ್ದೇನೆ, ನೀನು ಕಲಿಸಿದ ದುಂಡು ಅಕ್ಷರದಲ್ಲಿ. ಅದನ್ನು ಓದಲು ಪೀಠದ ಮೇಲೆ ಯಾರಿಗೂ ಬರುವುದಿಲ್ಲ.

ನಿನ್ನ ಮಗಳು,
ಮರಿಯಾ