ನಡುವಿನ ಮಡಿಕೆ

ತೆಎನುಯಿ ಹಳ್ಳಿ, ಅತಿಯು ದ್ವೀಪ
ಅಕ್ಟೋಬರ್ ೧೭, ಸೋಮವಾರ

ಪ್ರೀತಿಯ ತೆಯಾತಾ,

ಕಿಯಾ ಒರಾನಾ. ಆ ಆಕ್ಲೆಂಡಿನ ಚಳಿಯಲ್ಲಿ ಕರ್ತನು ನಿನ್ನನ್ನು ಬೆಚ್ಚಗಿಟ್ಟಿರಲಿ.

ಈ ಕಾಗದವನ್ನು ನಿನ್ನ ಮಗಳು ಮೀ ಓದಿ ಹೇಳುತ್ತಾಳೆ ಅಂತ ಗೊತ್ತು. ಮೀ, ಮೊದಲು ನಿನಗೊಂದು ಮಾತು. ಮಧ್ಯೆ ಮಧ್ಯೆ ಹಾರಿಸಬೇಡ ಮಗಳೇ. ಸಂಡೇ ಸ್ಕೂಲಿನಲ್ಲಿ ಕಷ್ಟದ ಹೆಸರು ಬಂದರೆ ಇಡೀ ವಚನವನ್ನೇ ನುಂಗಿಬಿಡುತ್ತಿದ್ದವಳು ನೀನು. ಇಲ್ಲಿ ನಾಚಿಕೆಯ ಮಾತುಗಳಿವೆ, ನಾಚಿಕೆ ನನ್ನದು. ನೀನು ಓದುತ್ತಾ ಹೋಗು.

ತೆಯಾತಾ, ಕಾಗದದ ಜೊತೆ ಒಂದು ಗಂಟು ಬಂದಿದೆಯಲ್ಲ, ಅದರಲ್ಲಿರುವುದು ಆ ಕೆಂಪು ತಿವೈವೈ ಹೊದಿಕೆ. ಹಿರಿಯ ಪಾದ್ರಿಗಳ ಬೀಳ್ಕೊಡುಗೆಗೆ ಅಂತ ನಮ್ಮ ತಾಯಂದಿರ ಸಂಘ ಹೊಲಿದದ್ದು. ಅದು ನಿನಗೇ ಸೇರಬೇಕು. ಇಟ್ಟುಕೊಳ್ಳುತ್ತೀಯೋ, ಮುಂದಿನ ವಿಮಾನಕ್ಕೇ ವಾಪಸ್ಸು ಕಳಿಸುತ್ತೀಯೋ, ಪೂರ್ತಿ ಕೇಳಿದ ಮೇಲೆ ತೀರ್ಮಾನ ಮಾಡು. ವಾಪಸ್ಸು ಬಂದರೆ ನೀನು ನನ್ನನ್ನು ಕ್ಷಮಿಸಿಲ್ಲ ಅಂತ ತಿಳಿದುಕೊಳ್ಳುತ್ತೇನೆ.

ನೇರವಾಗಿ ಹೇಳಿಬಿಡುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಮೂವತ್ತು ವರ್ಷದಿಂದ. ನೀನು ಕತ್ತರಿಸುವವಳು, ನಾನು ಹೊಲಿಯುವವಳು. ಬಟ್ಟೆಯನ್ನು ಎಂಟು ಮಡಿಕೆ ಮಾಡಿ ಗೆರೆ ಕೂಡ ಎಳೆಯದೆ ನೀನು ಕತ್ತರಿ ಓಡಿಸುತ್ತಿದ್ದೆ. ಬಿಡಿಸಿದರೆ ದೀವಿಹಲಸಿನ ಎಲೆಗಳು ಒಂದರ ಕೈ ಒಂದು ಹಿಡಿದು ನಿಂತಿರುತ್ತಿದ್ದವು. ಆಮೇಲೆ ನಾಲ್ಕು ತಿಂಗಳು ಬೆನ್ನು ಬಗ್ಗಿಸಿ, ಬೆರಳು ಚುಚ್ಚಿಕೊಂಡು ಅದನ್ನು ಬಿಳಿ ಬಟ್ಟೆಯ ಮೇಲೆ ಹೊಲಿಯುತ್ತಿದ್ದವಳು ನಾನು. ಆದರೆ ಹೊದಿಕೆ ಹರಡಿದ ದಿನ ಜನ ಕೇಳುವುದು ಒಂದೇ ಪ್ರಶ್ನೆ, "ಕತ್ತರಿ ಯಾರದ್ದು?" ಸೂಜಿ ಯಾರದ್ದು ಅಂತ ಈ ಊರಿನಲ್ಲಿ ಒಬ್ಬರಾದರೂ ಕೇಳಿದ್ದುಂಟೇ? ನನ್ನ ಮದುವೆಯ ದಿನ ನನ್ನ ಅತ್ತೆ ನನ್ನ ಮುಖ ನೋಡುವ ಮೊದಲು ನಿನ್ನ ಹೊದಿಕೆ ನೋಡಿ, "ತೆಯಾತಾದೇ ಇರ್ಬೇಕು, ಅಲ್ವಾ?" ಅಂದರು. ಅದನ್ನು ಇವತ್ತಿಗೂ ಮರೆತಿಲ್ಲ.

ಹೀಗಿರುವಾಗ ಆ ಬೋಧಕ ನೊರೊವಾ ಬ್ರಿಸ್ಬೇನಿನಿಂದ ಬಂದ. ಗುರುವಾರ ನಾವು ಹೊಲಿಯಲು ಕೂರುವ ಸಂಘದ ಮನೆಯಲ್ಲೇ ಕೂಟ ನಡೆಸಿದ. ಎಲ್ಲರ ಕೈಗೂ ಒಂದೊಂದು ಕೈಗನ್ನಡಿ ಕೊಟ್ಟದ್ದು ನಿನಗೆ ನೆನಪಿರಬೇಕು. "ನೋಡ್ಕೊಳ್ಳಿ ಅಮ್ಮಂದಿರೇ, ಚೆನ್ನಾಗಿ ನೋಡ್ಕೊಳ್ಳಿ. ದೇವರು ಬೆಳಿಗ್ಗೆ ಎದ್ದು ನೋಡೋದು ಈ ಮುಖಾನೇ. ನಿಮ್ಮ ಕನಸು ಏನೋ ಅದೇ ಆತನ ಯೋಜನೆ. ನಿಮ್ಮನ್ನ ನೀವು ನಂಬಿ, ಆತನೂ ನಂಬ್ತಾನೆ" ಅಂದ. ನಾವು ಚಿಕ್ಕಂದಿನಿಂದ ಮಾಡುತ್ತಿದ್ದ ಪ್ರಾರ್ಥನೆ "ಕರ್ತನೇ, ನೀನು" ಅಂತ ಶುರುವಾಗುತ್ತಿತ್ತು. ಎರಡೇ ವಾರದಲ್ಲಿ ಅದು "ಕರ್ತನೇ, ನನಗೆ" ಅಂತಾಯಿತು. ಯಾರಿಗೂ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು, ಆದರೆ ಹಿತವಾಗಿತ್ತು.

ನೀನು ಮಾತ್ರ ಹಿಂದಿನ ಚಾಪೆಯಲ್ಲಿ ಕೂತು ಆ ಕನ್ನಡಿಯಲ್ಲಿ ಗದ್ದದ ಮೇಲಿನ ಕೂದಲು ಹುಡುಕಿ ಕಿತ್ತೆ. ಆಮೇಲೆ ಕನ್ನಡಿಯನ್ನು ಕೆಳಗಿಟ್ಟು, "ಇದ್ರಲ್ಲಿ ಬರೀ ನಾನೇ ಕಾಣ್ತೀನಪ್ಪ. ಇಷ್ಟೊತ್ತೂ ನನ್ನನ್ನೇ ನೋಡ್ಕೊಂಡು ಕೂತ್ರೆ ದೇವರನ್ನ ಯಾವಾಗ ನೋಡ್ಲಿ?" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನೊರೊವಾ ಕೂಡ. ನನಗೆ ಮೈಯೆಲ್ಲ ಉರಿಯಿತು. ಕತ್ತರಿಯೂ ನಿನ್ನದೇ, ನಗೆಯೂ ನಿನ್ನದೇ, ಕೊನೆಗೆ ಭಕ್ತಿಯೂ ನಿನ್ನದೇ ಆಗಬೇಕೇ?

ಕೂಟ ಮುಗಿದ ಮೇಲೆ ಅವನು ನನ್ನ ಬಳಿ ಬಂದು, "ಅಮ್ಮಾ, ನಿಮ್ಮೊಳಗೆ ಒಂದು ದೊಡ್ಡ ಬೆಳಕಿದೆ. ಯಾರೋ ಅದನ್ನ ಮುಚ್ಚಿಟ್ಟಿದ್ದಾರೆ" ಅಂದ. ಯಾರು ಅಂತ ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನು ಕೆಟ್ಟವನಲ್ಲ ತೆಯಾತಾ. ನನ್ನ ಕಿವಿ ಮೂವತ್ತು ವರ್ಷದಿಂದ ಕಾಯುತ್ತಿದ್ದ ಮಾತನ್ನು ಹೇಳಿದ, ಅಷ್ಟೇ.

ಪಾದ್ರಿಗಳ ಹೊದಿಕೆಯ ಮಾತು ಬಂದಾಗ "ಈ ಸಲ ಕತ್ತರಿ ನಂದು" ಅಂತ ನಾನು ಎದ್ದು ನಿಂತೆ. ನೀನು ಜಗಳ ಆಡುತ್ತೀಯ ಅಂತ ಕಾದಿದ್ದೆ. ಮಾತುಗಳನ್ನು ಹೊಂದಿಸಿಯೂ ಇಟ್ಟುಕೊಂಡಿದ್ದೆ. ನೀನು ಚೀಲದಿಂದ ನಿನ್ನ ಕತ್ತರಿ ತೆಗೆದು ನನ್ನ ಮಡಿಲಿಗಿಟ್ಟು, "ಮೊನ್ನೆ ತಾನೇ ಸಾಣೆ ಹಿಡಿಸಿದೀನಿ ಕಣೇ, ಬೆರಳು ಜೋಪಾನ" ಅಂದೆ. ಅಷ್ಟು ಸುಲಭವಾಗಿ ಕೊಟ್ಟದ್ದಕ್ಕೆ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮಾರನೆಯ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಬಟ್ಟೆ ಮಡಿಸಿದೆ. ಕನ್ನಡಿಯನ್ನು ಗೋಡೆಗೆ ಒರಗಿಸಿ, ಅವನು ಹೇಳಿಕೊಟ್ಟ ಹಾಗೆ ನನ್ನ ಮುಖಕ್ಕೇ ಪ್ರಾರ್ಥನೆ ಹೇಳಿಕೊಂಡೆ. ನಿನ್ನ ಹೊದಿಕೆಗಳಿಗಿಂತ ದೊಡ್ಡದೊಂದು ಹೂವು ನಟ್ಟನಡುವೆ ಬರಬೇಕು ಅಂತ ನನ್ನ ಆಸೆ. ಮಡಿಕೆಗಳೆಲ್ಲ ಕೂಡುವ ಆ ಮೂಲೆಯೇ ಬಟ್ಟೆಯ ನಡು, ಅಲ್ಲಿಗೆ ಕತ್ತರಿ ಹಾಕಬಾರದು, ಎಲೆಗಳನ್ನೆಲ್ಲ ಹಿಡಿದಿಟ್ಟಿರುವುದೇ ಅದು. ಇದು ನಮ್ಮಲ್ಲಿ ಹತ್ತು ವರ್ಷದ ಹುಡುಗಿಗೂ ಗೊತ್ತು. ನಾನು ಹಾಕಿದ್ದು ಅಲ್ಲಿಗೇ. ಬಿಡಿಸಿದರೆ ಹೂವೂ ಇಲ್ಲ, ಏನೂ ಇಲ್ಲ. ಎಂಟು ಎಲೆಗಳು ಎಂಟು ಕಡೆ ಉದುರಿದವು. ಸಂಘದ ಅಷ್ಟೂ ಕೆಂಪು ಬಟ್ಟೆ ಹಾಳು. ತುಂಡುಗಳನ್ನು ಹಾಸಿಗೆಯ ಕೆಳಗೆ ತುರುಕಿ ಅದರ ಮೇಲೆ ಕೂತು ಅತ್ತೆ.

ಆಗಲೇ ನೀನು ಬೇಯಿಸಿದ ಕೆಸುವಿನ ಗೆಡ್ಡೆಯ ಪಾತ್ರೆ ಹಿಡಿದುಕೊಂಡು ಬಂದೆ. ನನ್ನ ಲಂಗಕ್ಕೆ ಅಂಟಿದ್ದ ಕೆಂಪು ಚೂರುಗಳನ್ನು ನೋಡಿದೆಯೋ, ನನ್ನ ಮುಖ ನೋಡಿದೆಯೋ ಗೊತ್ತಿಲ್ಲ. ನೀನು ಪಾತ್ರೆ ಇಟ್ಟು ಕೈ ಚಾಚಿದೆ. ನಾನು ಹಾಸಿಗೆ ಎತ್ತಿದೆ.

ನೀನು ತೆಗೆದುಕೊಂಡು ಹೋದ ತುಂಡುಗಳು ಮೂರು ದಿನಕ್ಕೆ ಬುಟ್ಟಿಯಲ್ಲಿ ವಾಪಸ್ಸು ಬಂದವು. ಎಂಟು ಎಲೆಗಳನ್ನೂ ನೀನು ಬಿಳಿ ಬಟ್ಟೆಯ ಮೇಲೆ ಸುತ್ತ ಕೂರಿಸಿ, ತೊಟ್ಟುಗಳನ್ನೆಲ್ಲ ಒಳಮುಖ ಮಾಡಿ, ದಾರದಿಂದ ಹಿಡಿದು ನಿಲ್ಲಿಸಿದ್ದೆ. ನಡುವೆ ಬರೀ ಬಿಳಿ, ಒಂದು ತಟ್ಟೆಯಷ್ಟಗಲ. ಅಂಥ ವಿನ್ಯಾಸವನ್ನು ಈ ದ್ವೀಪ ನೋಡಿರಲಿಲ್ಲ. ನಾನು "ನಡು ಖಾಲಿ ಇದೆಯಲ್ಲೇ" ಅಂದೆ. ನೀನು "ಇರ್ಲಿ ಬಿಡೇ, ಅದು ಹಾಗೇ ಇರ್ಲಿ. ಎಲ್ಲಾ ಎಲೆಗೂ ನೋಡೋಕೆ ಒಂದು ಜಾಗ ಬೇಡ್ವಾ?" ಅಂದೆ.

ಗುರುವಾರ ಸಂಘದಲ್ಲಿ ಹರಡಿದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತರು. "ಕತ್ತರಿ ಯಾರದ್ದು?" ಅಂತ ಯಾರೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ನನ್ನ ಹೆಸರು ಹಿಡಿದು, "ಅಕಾಯ್ತಿದು" ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ನಾನು ಬಾಯಿ ತೆರೆಯಲು ಹೊರಟಿರಲೂ ಇಲ್ಲ. ಕತ್ತರಿ ನನ್ನದೇ ಅಲ್ಲವೇ, ಸುಳ್ಳೇನಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ನಾಲ್ಕು ತಿಂಗಳ ಹೊಲಿಗೆ ಮುಗಿದ ಮೇಲೆ ನಾನು ಮಾಡಿದ್ದನ್ನು ನೀನು ನಿನ್ನ ಕಣ್ಣಿಂದಲೇ ನೋಡಿದ್ದೀಯ. ನೀನು ಖಾಲಿ ಬಿಟ್ಟಿದ್ದ ಆ ನಡುವಿನಲ್ಲಿ, ದಪ್ಪ ಹಳದಿ ದಾರದಲ್ಲಿ, ನನ್ನ ಹೆಸರು ಹೊಲಿದೆ. ನೊರೊವಾ ನನ್ನನ್ನು ಎಲ್ಲರ ಮುಂದೆ ಕರೆದು ನಿಲ್ಲಿಸಿ, "ನೋಡಿ, ತನ್ನನ್ನ ತಾನು ನಂಬಿದ ಹೆಂಗಸು ಅಂದ್ರೆ ಇವರು!" ಅಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನೀನು. ಒಂದು ಸಲವಾದರೂ ನಿನ್ನ ಮುಖ ಕಪ್ಪಿಡಲಿ ಅಂತ ಹುಡುಕಿದೆ. ಇಡಲಿಲ್ಲ. ಗೆದ್ದವಳು ನಾನು, ಆದರೂ ಹೊಟ್ಟೆ ಉರಿದದ್ದು ನನಗೇ.

ಆ ಉರಿಯಲ್ಲೇ ಒಂದು ಮಾತು ಆಡಿದೆ. ನಿನಗೆ ಇದು ತಲುಪಿದೆಯೋ ಇಲ್ಲವೋ ತಿಳಿಯದು. ಸಂಘದ ಹೆಂಗಸರಿಗೆ, "ತೆಯಾತಾಗೆ ಕಣ್ಣು ಮಂಜಾಗಿದೆ ಕಣ್ರೇ, ಇನ್ಮೇಲೆ ಅವಳ ಕೈಗೆ ಬಟ್ಟೆ ಕೊಟ್ಟು ಹಾಳ್ಮಾಡ್ಕೋಬೇಡಿ" ಅಂದೆ. ಬಟ್ಟೆ ಹಾಳು ಮಾಡಿದವಳು ನಾನು, ಹೇಳಿದ್ದು ನಿನ್ನ ಮೇಲೆ. ಆಮೇಲೆ ಯಾರೂ ನಿನಗೆ ಬಟ್ಟೆ ತಂದುಕೊಡಲಿಲ್ಲ, ಅಲ್ಲವೇ? ನಾನು ಬಾಯಿಗೆ ಬಂದದ್ದನ್ನು ಅಂದಿದ್ದೆ ತೆಯಾತಾ. ಅದು ನಿಜ ಅಂತ ನನಗೆ ಗೊತ್ತಿರಲಿಲ್ಲ. ಆ ಮೂರು ದಿನ ನನ್ನ ತುಂಡುಗಳನ್ನು ನೀನು ಮಸುಕುಗಣ್ಣಿನಲ್ಲಿ ಜೋಡಿಸಿದ್ದೆ ಅಂತ ಮೀ ಹೇಳಿದಾಗಲೇ ತಿಳಿದದ್ದು.

ನೀನು ಕಣ್ಣಿನ ಚಿಕಿತ್ಸೆಗೆ ಹೊರಟ ದಿನ ಊರೆಲ್ಲ ವಿಮಾನದ ಹತ್ತಿರ ಬಂದಿತ್ತು. ನಿನ್ನ ಕುತ್ತಿಗೆಗೆ ಹಾಕಲು ನಾನೂ ಹೂಮಾಲೆ ಕಟ್ಟಿದ್ದೆ. ಆದರೆ ಉಳಿದವರ ಮಾಲೆಗಳಲ್ಲಿ ನನ್ನದು ಒಂದಾಗುತ್ತದಲ್ಲ, ಯಾರದ್ದು ಯಾವುದು ಅಂತ ನಿನಗೆ ಗೊತ್ತೂ ಆಗುವುದಿಲ್ಲವಲ್ಲ ಅನ್ನಿಸಿತು. ಹಾಗಾಗಿ ಬರಲಿಲ್ಲ. ಮಾಲೆ ಅಡುಗೆಮನೆಯ ಮೊಳೆಯಲ್ಲೇ ಬಾಡಿತು. ನಮ್ಮ ಯಜಮಾನರು ಅದನ್ನು ನೋಡಿ, "ಯಾರಿಗೆ ಕಟ್ಟಿದ್ದೆ, ಮೊಳೆಗಾ?" ಅಂತ ಕೇಳಿದರು.

ಈಗ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಮೀ, ಇಲ್ಲಿ ನಿಲ್ಲಿಸಬೇಡ. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬೆಳಕು ಕತ್ತಲೆ ಬಿಟ್ಟು ಏನೂ ತಿಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ ಸುದ್ದಿ ಬಂದಾಗ ನನಗೆ ಮೊದಲು ಬಂದದ್ದು ಅಳು ಅಲ್ಲ. "ಇನ್ನು ಕತ್ತರಿ ನನಗೇ" ಅಂದುಕೊಂಡೆ. ಅಷ್ಟು ಸ್ಪಷ್ಟವಾಗಿ, ಯಾರೋ ಕಿವಿಯಲ್ಲಿ ಹೇಳಿದ ಹಾಗೆ.

ಆ ಭಾನುವಾರ ಟೋಪಿ ಇಟ್ಟುಕೊಂಡು ಚರ್ಚಿಗೆ ಹೋದೆ. ಹಾಡಲು ಆಗಲಿಲ್ಲ. ಸಂಜೆ ನೊರೊವಾನ ಹತ್ತಿರ ಹೋಗಿ ಕೇಳಿದೆ, "ಅಲ್ಲಪ್ಪಾ, ನಾನು ಕನ್ನಡಿ ನೋಡಿದ್ರೆ ದೇವರ ಯೋಜನೆಯ ನಡುವೆ ನಾನಿದೀನಿ ಅಂತೀಯ. ತೆಯಾತಾ ನೋಡಿದ್ರೆ?" ಅವನು ನಗುತ್ತಾ, "ಅವರ ಯೋಜನೆಯ ನಡುವೆ ಅವರು ಅಮ್ಮಾ. ಪ್ರತಿಯೊಬ್ಬರೂ ನಡುವೇ" ಅಂದ. "ಅಷ್ಟೊಂದು ನಡು ಇದ್ರೆ ಬಟ್ಟೆ ಮಡಿಸೋದು ಹೇಗಪ್ಪಾ?" ಅಂದೆ. ಪಾಪ, ಅವನಿಗೆ ಅರ್ಥವಾಗಲಿಲ್ಲ. ಅವನು ಎಂದೂ ತಿವೈವೈ ಕತ್ತರಿಸಿದವನಲ್ಲ. ಮುಂದಿನ ವಾರ ಅವನು ಕನ್ನಡಿಗಳನ್ನೆಲ್ಲ ಕಟ್ಟಿಕೊಂಡು ಬೇರೆ ದ್ವೀಪಕ್ಕೆ ಹೋದ.

ಬೀಳ್ಕೊಡುಗೆಯ ದಿನ ಹಿರಿಯ ಪಾದ್ರಿಗಳ ಹೆಗಲಿಗೆ ಹೊದಿಕೆ ಹಾಕುವ ಮೊದಲು ಸಭೆಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ತುಂಡು ಮಾಡಿದ್ದು, ಹಾಸಿಗೆ, ಕೆಸುವಿನ ಗೆಡ್ಡೆ, ನಿನ್ನ ಕಣ್ಣಿನ ಬಗ್ಗೆ ಆಡಿದ ಮಾತು, ಎಲ್ಲ. ಪಾದ್ರಿಗಳು ಹೊದಿಕೆಯನ್ನು ಮಡಿಸಿ ನನ್ನ ಕೈಗಿಟ್ಟು, "ನನಗೆ ಚಾಪೆ ಸಾಕು ತಾಯಿ. ಇದು ಯಾರದ್ದೋ ಅವರಿಗೆ ಕಳ್ಸು. ಕಳ್ಸೋ ಮೊದ್ಲು ಆ ನಡುವನ್ನ ಖಾಲಿ ಮಾಡು" ಅಂದರು. ಹೊರಗೆ ಬಂದ ಹೆಂಗಸರು ನನ್ನನ್ನು ಬೈಯಲಿಲ್ಲ, ಸಂತೈಸಲೂ ಇಲ್ಲ. "ಅಯ್ಯೋ, ತೆಯಾತಾದು ಎಂಥ ದೊಡ್ಡ ಮನಸ್ಸು ನೋಡ್ರೇ!" ಅಂದರು. ನೋಡಿದೆಯಾ, ನನ್ನ ಪಾಪ ನಾನು ಒಪ್ಪಿಕೊಂಡರೂ ಹೊಗಳಿಕೆ ನಿನಗೇ! ಆಗಲೂ ಚುರುಕ್ಕೆಂದಿತು. ಇವತ್ತೂ ಅನ್ನುತ್ತಿದೆ. ಈ ಹೊಟ್ಟೆಕಿಚ್ಚು ಒಂದೇ ಪ್ರಾರ್ಥನೆಗೆ ಹೋಗುವಂಥದ್ದಲ್ಲ ಅಂತ ಕಾಣುತ್ತದೆ. ಈಗ ದಿನಾ ಬೆಳಿಗ್ಗೆ ಮತ್ತೆ "ಕರ್ತನೇ, ನೀನು" ಅಂತಲೇ ಶುರು ಮಾಡುತ್ತೇನೆ. "ನನಗೆ" ಅನ್ನುವುದು ಬಾಯಿಗೆ ಬಂದರೆ ನಿಲ್ಲಿಸಿ ಮತ್ತೆ ಮೊದಲಿಂದ ಹೇಳುತ್ತೇನೆ. ಕೆಲವು ದಿನ ಕಾಫಿ ಆರಿಹೋಗುತ್ತದೆ.

ಹಳದಿ ದಾರವನ್ನು ಬಿಚ್ಚಿದ್ದೇನೆ. ನಿನ್ನ ಕತ್ತರಿಯನ್ನು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಸಂಘದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ನಾನು ಮುಟ್ಟುವುದಿಲ್ಲ. ನೀನು ವಾಪಸ್ಸು ಬಾ. ಮಡಿಕೆ ಎಲ್ಲಿದೆ ಅಂತ ನಿನ್ನ ಬೆರಳಿಗೆ ಕಣ್ಣಿಗಿಂತ ಚೆನ್ನಾಗಿ ಗೊತ್ತು. ಕತ್ತರಿಸುವುದನ್ನು ಯಾವ ಹುಡುಗಿಗೆ ಬೇಕಾದರೂ ಹೇಳಿಕೊಡು. ಯಾರೇ ಕತ್ತರಿಸಲಿ, ನಾನು ಹೊಲಿಯುತ್ತೇನೆ.

ನಿನ್ನ ಸೂಜಿಯವಳು,
ಅಕಾಯ್ತಿ

ಮರೆತ ಮಾತು: ಮೀ, ಇದನ್ನು ಓದುವ ಮೊದಲು ಅಮ್ಮನ ಕೈಯನ್ನು ಹೊದಿಕೆಯ ನಡುವೆ ಇಡು. ತೆಯಾತಾ, ದಾರ ಬಿಚ್ಚಿದ್ದೇನೆ ಅಂದೆನಲ್ಲ, ಅದು ನಿಜ. ಆದರೆ ದಪ್ಪ ಸೂಜಿಯ ತೂತುಗಳು ಹಾಗೇ ಉಳಿದಿವೆ. ಕಣ್ಣಿರುವವರಿಗೆ ಬರೀ ಬಿಳಿ ಬಟ್ಟೆ ಕಾಣುತ್ತದೆ. ನಿನ್ನ ಬೆರಳಿಗೆ ಮಾತ್ರ ನನ್ನ ಹೆಸರು ಇಡೀ ಸಿಗುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ಸಲ ನೆನೆಸಿದರೆ ಸಾಕು, ತೂತುಗಳೆಲ್ಲ ಮುಚ್ಚಿಕೊಳ್ಳುತ್ತವೆ ಅಂತ ನನಗೆ ಚೆನ್ನಾಗಿ ಗೊತ್ತು. ಬಕೆಟ್ಟಿಗೆ ನೀರನ್ನೂ ತುಂಬಿಸಿದ್ದೆ. ಹೊದಿಕೆ ಹಿಡಿದುಕೊಂಡು ಅದರ ಪಕ್ಕದಲ್ಲೇ ಕೂತೆ. ನೆನೆಸಲು ಮನಸ್ಸು ಬರಲಿಲ್ಲ. ನೀನೇ ಒಗೆದುಬಿಡು ಕಣೇ.